ಶೇಂಗಾ ಎಣ್ಣೆ ಕೊಳ್ಳುವವರಿಗೆ: ಚಿತ್ರ ಬಿಟ್ಟು ಅಕ್ಷರ ಓದಿ

ಶೇಂಗಾ ಎಣ್ಣೆಯಲ್ಲಿ ಯಾವ ಬ್ರ್ಯಾಂಡನ್ನು ಬಿಡಬೇಕು ಎಂದು ತೀರ್ಮಾನಿಸುವ ಮೊದಲು, ಪ್ಯಾಕೆಟ್ಟಿನ ಮೇಲೆ ‘ಮಲ್ಟಿ-ಸೋರ್ಸ್ ಎಡಿಬಲ್ ಆಯಿಲ್’ (ಮೊದಲು ‘ಬ್ಲೆಂಡೆಡ್ ಎಡಿಬಲ್ ವೆಜಿಟೇಬಲ್ ಆಯಿಲ್’ ಎಂದಿರುತ್ತಿತ್ತು) ಎಂಬ ಅಕ್ಷರಗಳಿವೆಯೇ ಎಂದು ದಯವಿಟ್ಟು ಹುಡುಕಿ ನೋಡಿ. ಇದ್ದರೆ, ಶೇಂಗಾಕಾಯಿಯ ಚಿತ್ರ ಎಷ್ಟೇ ದೊಡ್ಡದಾಗಿರಲಿ, ಅದು ಎರಡು ಎಣ್ಣೆಗಳ ಮಿಶ್ರಣ; ನಿಯಮದ ಪ್ರಕಾರ ಬೆರೆಸಿದ ಎಣ್ಣೆಗಳ ಹೆಸರು ಮತ್ತು ಶೇಕಡಾ ಪ್ರಮಾಣವನ್ನು ಮುದ್ರಿಸಲೇಬೇಕು, ಆದರೆ ಅವುಗಳಲ್ಲಿ ಶೇಂಗಾ ಎಣ್ಣೆಯ ಪಾಲು ಶೇ. 20ರಷ್ಟಿದ್ದರೂ ಸಾಕಾಗುತ್ತದೆ. ಹೀಗಾಗಿ ಉಳಿದ ಶೇ. 80 ಪಾಲು ಪಾಮೋಲಿನ್ (ತಾಳೆ ಎಣ್ಣೆ) ಆಗಿರಲು ಅವಕಾಶವಿದೆ. ಒಂದೇ ಕಂಪನಿ ಶುದ್ಧ ಶೇಂಗಾ ಎಣ್ಣೆಯನ್ನೂ ಮಿಶ್ರಣವನ್ನೂ ಮಾರಬಹುದಾದ್ದರಿಂದ, ಒಂದು ಪ್ಯಾಕೆಟ್ ನೋಡಿ ಇಡೀ ಬ್ರ್ಯಾಂಡನ್ನೇ ದೂರವಿಡುವುದು ನನಗೆ ಸರಿಯೆನಿಸುವುದಿಲ್ಲ. ಮಂಡಕ್ಕಿಗೆ ಬೆರೆಸುವ ಖಾರ, ಬಿಸ್ಕತ್ತುಗಳಿಗೂ ಚಿತ್ರ ಬಿಟ್ಟು ಅಕ್ಷರ ಓದುವ ಇದೇ ಕ್ರಮ ಹೊಂದುತ್ತದೆ, ಏಕೆಂದರೆ ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಆದರೆ ಚಳ್ಳಕೆರೆ ಕಡೆಯ ಎಣ್ಣೆ ಗಿರಣಿಗಳಿಂದ ಡಬ್ಬಿಯಲ್ಲಿ ತರಿಸುವ ಬಿಡಿ ಎಣ್ಣೆಗೆ ಲೇಬಲ್ಲೇ ಇರುವುದಿಲ್ಲ, ಮತ್ತು ಮುದ್ರಿಸದೆ ಕಲಬೆರಕೆ ಮಾಡಿದ್ದನ್ನು ಯಾವ ಲೇಬಲ್ಲೂ ಹೇಳುವುದಿಲ್ಲ. ಅಂಥಲ್ಲಿ ಶೇಂಗಾ ಬೀಜವನ್ನು ನೀವೇ ಒಯ್ದು, ಗಾಣದ ಮುಂದೆ ನಿಂತು ಎಣ್ಣೆ ತೆಗೆಸಿಕೊಳ್ಳುವುದು ಒಳ್ಳೆಯದು.