ಲ್ಯಾಟಿನ್ ಸಬ್ಜಂಕ್ಟಿವ್ ಅನ್ನು ಕನ್ನಡಕ್ಕೆ ತರುವುದು ಹೇಗೆ?

ನಮ್ಮಲ್ಲಿ ಲ್ಯಾಟಿನ್ ಕಲಿಯುವವರು ಸಾಮಾನ್ಯವಾಗಿ ಇಂಗ್ಲಿಷ್ ಪಠ್ಯ ಹಿಡಿದೇ ಕಲಿಯುತ್ತಾರೆ. ಹೀಗಾಗಿ ಸಬ್ಜಂಕ್ಟಿವ್ ಕ್ರಿಯಾಪದ (ಆಸೆ, ಅಪ್ಪಣೆ, ಉದ್ದೇಶ, ಸಂಭವ ಮೊದಲಾದವನ್ನು ಹೇಳುವ ರೂಪ) ಕಂಡ ಕೂಡಲೇ ‘ಮೇ’, ‘ಮೈಟ್’ ನೆನಪಾಗುತ್ತದೆ, ಕನ್ನಡದಲ್ಲಿ ಸಿಕ್ಕಸಿಕ್ಕಲ್ಲಿ ‘ಬಹುದು’ ಬಂದು ಕೂರುತ್ತದೆ. ಈ ಸುತ್ತುದಾರಿ ಬೇಡ. ಆಗಲಿ, ಹೋಗೋಣ, ಬಂದಾನು ಎಂಬ ರೂಪಗಳು ಕನ್ನಡದಲ್ಲೇ ಇವೆ. ಯಾವುದನ್ನು ಎಲ್ಲಿ ಬಳಸಬೇಕೆಂದು ಹೇಳುವುದು ವಾಕ್ಯ, ಕ್ರಿಯಾಪದವಲ್ಲ.

ರೂಪ ಗುರುತಿಸಿ

ಸಬ್ಜಂಕ್ಟಿವ್‌ಗೆ ಕಾಲಗಳು ನಾಲ್ಕೇ (ವರ್ತಮಾನ, ಇಂಪರ್ಫೆಕ್ಟ್, ಪರ್ಫೆಕ್ಟ್, ಪ್ಲೂಪರ್ಫೆಕ್ಟ್), ಭವಿಷ್ಯತ್ ಇಲ್ಲ. ಲ್ಯಾಟಿನ್ ಕ್ರಿಯಾಪದಗಳನ್ನು ನಾಲ್ಕು ಗಣ, ಅಂದರೆ ಗುಂಪುಗಳಾಗಿ ವಿಂಗಡಿಸುತ್ತಾರೆ. ವರ್ತಮಾನದಲ್ಲಿ ಮೊದಲ ಗಣದ ಧಾತುವಿನ ‘ಅ’ ಹೋಗಿ ‘ಎ’ ಬರುತ್ತದೆ: ಅಮತ್ (ಪ್ರೀತಿಸುತ್ತಾನೆ), ಅಮೆತ್. ಉಳಿದ ಮೂರು ಗಣಗಳಲ್ಲಿ ‘ಅ’ ಬರುತ್ತದೆ: ಮೊನೆತ್–ಮೊನೆಯತ್, ರೆಗಿತ್–ರೆಗತ್, ಔದಿತ್–ಔದಿಯತ್. ಇಂಪರ್ಫೆಕ್ಟ್ ಸುಲಭ: ‘ಅಮಾರೆ’ (ಪ್ರೀತಿಸಲು) ಎಂಬ ಇನ್ಫಿನಿಟಿವ್‌ಗೆ ಪುರುಷಪ್ರತ್ಯಯ ಹಚ್ಚಿದರೆ ಅಮಾರೆತ್. ಪ್ಲೂಪರ್ಫೆಕ್ಟ್ ಕೂಡ ಹಾಗೆಯೇ: ‘ಅಮಾವಿಸ್ಸೆ’ (ಪ್ರೀತಿಸಿರಲು) ಎಂಬುದರಿಂದ ಅಮಾವಿಸ್ಸೆತ್.

ಎಡವುವುದು ಎರಡು ಕಡೆ. ‘ರೆಗೆತ್’ನಲ್ಲಿ ‘ಎ’ ಇದೆಯೆಂದು ಅದು ಸಬ್ಜಂಕ್ಟಿವ್ ಅಲ್ಲ. ಮೂರನೇ ಗಣದಲ್ಲಿ ಅದು ಭವಿಷ್ಯತ್, ‘ಆಳುವನು’. ಆದ್ದರಿಂದ ನಿಘಂಟಿನಲ್ಲಿ ಗಣ ನೋಡದೆ ತೀರ್ಮಾನಕ್ಕೆ ಬರಬಾರದು. ಇನ್ನೊಂದು ‘ಅಮಾವೆರಿತ್’. ಅದು ಪರ್ಫೆಕ್ಟ್ (ಮುಗಿದ ಕ್ರಿಯೆಯ) ಸಬ್ಜಂಕ್ಟಿವ್ ಕೂಡ ಹೌದು, ಫ್ಯೂಚರ್ ಪರ್ಫೆಕ್ಟ್ (‘ಪ್ರೀತಿಸಿರುವನು’) ಕೂಡ ಹೌದು. ಅಕ್ಷರದಲ್ಲಿ ಇವು ಬೇರೆಯಾಗಿ ಕಾಣುವುದು ಉತ್ತಮ ಪುರುಷ ಏಕವಚನದಲ್ಲಿ ಮಾತ್ರ: ಅಮಾವೆರಿಮ್, ಅಮಾವೆರೊ.

ಒಂಟಿಯೋ, ಅಧೀನವೋ?

ಸಬ್ಜಂಕ್ಟಿವ್ ಮುಖ್ಯ ವಾಕ್ಯದಲ್ಲೇ ಒಂಟಿಯಾಗಿ ಇದ್ದರೆ ಕೆಲಸ ಹಗುರ. ‘ಫೀಯತ್ ಲೂಕ್ಸ್’ ಎಂದರೆ ‘ಬೆಳಕಾಗಲಿ’. ಸಮಾಧಿಗಳ ಮೇಲಿನ ‘ರೆಕ್ವಿಯೇಸ್ಕತ್ ಇನ್ ಪಾಕೆ’ ಎಂದರೆ ‘ಶಾಂತಿಯಿಂದ ವಿಶ್ರಮಿಸಲಿ’. ಉತ್ತಮ ಪುರುಷ ಬಹುವಚನವಿದ್ದರೆ ‘ಓಣ’: ‘ಎಯಾಮುಸ್’, ಹೋಗೋಣ.

ಹೈಕೋರ್ಟ್‌ಗಳು ಸಂವಿಧಾನದ 226ನೇ ವಿಧಿಯಡಿ ಹೊರಡಿಸುವ ಹೇಬಿಯಸ್ ಕಾರ್ಪಸ್ ರಿಟ್‌ನ (ಬಂಧಿತನನ್ನು ಹಾಜರುಪಡಿಸುವ ಆದೇಶದ) ಹೆಸರಿನಲ್ಲಿರುವ ‘ಹಬೆಯಾಸ್’ ಒಂಟಿಯಂತೆ ಕಂಡರೂ ಒಂಟಿಯಲ್ಲ. ಹಳೆಯ ರಿಟ್‌ನಲ್ಲಿ ‘ನಿನಗೆ ಆಜ್ಞಾಪಿಸುತ್ತೇವೆ’ ಎಂಬ ಮುಖ್ಯ ವಾಕ್ಯಕ್ಕೆ ಅಧೀನವಾಗಿ ಆ ಮಾತು ಬರುತ್ತದೆ. ‘ಹಬೇಸ್’ ಎಂದರೆ ‘ಹೊಂದಿದ್ದೀಯೆ’, ‘ಹಬೆಯಾಸ್’ ಆದಾಗ ಅಪ್ಪಣೆ. ಇದಕ್ಕೆ ನಮ್ಮ ಕಚೇರಿ ಕನ್ನಡದ ‘ಹಾಜರುಪಡಿಸತಕ್ಕದ್ದು’ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ!

ಅಧೀನವಾದರೆ, ಜೋಡಿಸುವ ಪದ ನೋಡಿ

‘ಉತ್’ ಇದ್ದು ಕ್ರಿಯಾಪದ ಇಂಡಿಕೇಟಿವ್ (ಸಂಗತಿಯನ್ನು ನೇರವಾಗಿ ಹೇಳುವ ಸಾಮಾನ್ಯ ರೂಪ) ಆಗಿದ್ದರೆ ‘ಹಾಗೆ’ ಅಥವಾ ‘ಆದಾಗ’. ಸಬ್ಜಂಕ್ಟಿವ್ ಆಗಿದ್ದರೆ ಉದ್ದೇಶವೋ ಪರಿಣಾಮವೋ ಕೇಳಿ. ಮುಂಚೆ ‘ತಮ್’ (ಅಷ್ಟು), ‘ಇತ’ (ಹಾಗೆ), ‘ತಂತುಸ್’ (ಅಷ್ಟು ದೊಡ್ಡ) ಕಂಡರೆ ಹೆಚ್ಚಾಗಿ ಪರಿಣಾಮ. ‘ತಮ್ ಫೆಸ್ಸುಸ್ ಎರತ್ ಉತ್ ಸ್ತಾರೆ ನೋನ್ ಪೊಸ್ಸೆತ್’ ಎಂಬುದನ್ನು ‘ಎಷ್ಟು ದಣಿದಿದ್ದನೆಂದರೆ…’ ಎಂದು ಎಳೆಯುವ ಬದಲು ‘ನಿಲ್ಲಲಾರದಷ್ಟು ದಣಿದಿದ್ದ’ ಎಂದರೆ ಸಾಕು. ಉದ್ದೇಶವಾದರೆ ‘ಅಲು’, ‘ಅಲೆಂದು’. ನಿಷೇಧ ಬಂದಾಗ ಸಂಶಯವೇ ಉಳಿಯುವುದಿಲ್ಲ: ಉದ್ದೇಶಕ್ಕೆ ‘ನೇ’, ಪರಿಣಾಮಕ್ಕೆ ‘ಉತ್ ನೋನ್’.

ಹೆಚ್ಚು ಮಂದಿ ಸೋಲುವುದು ಹೆದರಿಕೆಯ ಕ್ರಿಯಾಪದದ ಮುಂದೆ. ‘ತಿಮೆಯೊ ನೇ ವೆನಿಯತ್’ನಲ್ಲಿ ‘ನೇ’ ಕಂಡು ‘ಅವನು ಬರುವುದಿಲ್ಲವೆಂದು ಹೆದರುತ್ತೇನೆ’ ಎಂದು ಬರೆದರೆ ಅರ್ಥ ಪೂರ್ತಿ ತಿರುವುಮುರುವು. ಮೂಲದಲ್ಲಿ ಇವು ಎರಡು ವಾಕ್ಯಗಳು: ‘ಹೆದರುತ್ತೇನೆ. ಅವನು ಬಾರದಿರಲಿ!’ ಅಂದರೆ ಅವನು ಬರುವುದೇ ಭಯ. ಕನ್ನಡದಲ್ಲಿ ‘ಬಂದಾನೆಂದು ಹೆದರುತ್ತೇನೆ’. ಸಂಭಾವನಾರ್ಥಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ‘ತಿಮೆಯೊ ಉತ್ ವೆನಿಯತ್’ ಇದಕ್ಕೆ ವಿರುದ್ಧ: ‘ಎಲ್ಲಿ ಬಾರದೆ ಹೋಗುತ್ತಾನೋ ಎಂಬ ಭಯ’.

ಕಾಲ ಹೊಂದಿಸಿ

ಮುಖ್ಯ ಕ್ರಿಯೆ ಭೂತಕಾಲದಲ್ಲಿದ್ದರೆ ಲ್ಯಾಟಿನ್ ಅಧೀನ ವಾಕ್ಯವನ್ನೂ ಹಿಂದಕ್ಕೆ ಎಳೆಯುತ್ತದೆ, ಕನ್ನಡ ಎಳೆಯುವುದಿಲ್ಲ. ‘ರೊಗಾವಿತ್ ಕ್ವಿದ್ ಫಕೆರೆತ್’ ಎಂದರೆ ‘ಏನು ಮಾಡುತ್ತಿದ್ದಾನೆಂದು ಕೇಳಿದ’. ‘ಫಕೆರೆತ್’ ಜಾಗದಲ್ಲಿ ‘ಫೇಕಿಸ್ಸೆತ್’ ಇದ್ದರೆ ‘ಏನು ಮಾಡಿದ್ದಾನೆಂದು’. ಅಂದರೆ ಇಂಪರ್ಫೆಕ್ಟ್ ಹೇಳುವುದು ಅದೇ ಹೊತ್ತಿನ ಕೆಲಸವನ್ನು, ಪ್ಲೂಪರ್ಫೆಕ್ಟ್ ಅದಕ್ಕೂ ಮುಂಚಿನದನ್ನು.

‘ಸೀ’ (‘ಬಂದರೆ’, ‘ಇದ್ದರೆ’ಗಳಲ್ಲಿನ ಷರತ್ತಿನ ‘ರೆ’) ವಾಕ್ಯಗಳಲ್ಲಿ ಮಾತ್ರ ಕೊರತೆ ಕನ್ನಡದ್ದು. ‘ಸೀ ಅದೆಸ್ಸೆಸ್’ ಈಗಿನ ಮಾತು, ‘ಸೀ ಅದ್‌ಫುಯಿಸ್ಸೆಸ್’ ಕಳೆದುಹೋದದ್ದು. ಎರಡಕ್ಕೂ ನಾವು ‘ನೀನು ಇಲ್ಲಿ ಇದ್ದಿದ್ದರೆ’ ಎಂದೇ ಹೇಳುತ್ತೇವೆ. ಅನುವಾದದಲ್ಲಿ ಒಂದಕ್ಕೆ ‘ಈಗ’, ಇನ್ನೊಂದಕ್ಕೆ ‘ಆಗ’ ಸೇರಿಸಿ.