ಮೂರು ಟರ್ಬೋ ನುಂಗಿದ ಗಾಡಿ

ಮೂರು ಟರ್ಬೋ ಕೆಟ್ಟು, ನಾನು ನಾಲ್ಕನೆಯದು ಹಾಕಿಕೊಟ್ಟಿದ್ದ ಟ್ಯಾಕ್ಸಿ ಹೋದ ವಾರ ನನ್ನ ಗ್ಯಾರೇಜಿಗೆ ಆಯಿಲ್ ಬದಲಾಯಿಸಲು ಬಂದಿತ್ತು. ಮೀಟರ್ 3 ಲಕ್ಷ 34 ಸಾವಿರ ಚಿಲ್ಲರೆ ದಾಟಿದೆ. ನಾನು ಹಾಕಿದ ಆ ಟರ್ಬೋ (ಇಂಜಿನ್ನಿಗೆ ಗಾಳಿ ಒತ್ತುವ ಫ್ಯಾನು) ಹತ್ತಿರ ಹತ್ತಿರ 1 ಲಕ್ಷ 30 ಸಾವಿರ ಕಿಲೋಮೀಟರ್ ಓಡಿದ ಹಾಗಾಯಿತು. ಏರ್ ಪೈಪ್ ಬಿಚ್ಚಿ, ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡಿದೆ. ಹಾಕಿದ ದಿನ ಎಷ್ಟಿತ್ತೋ ಅಷ್ಟೇ ಪ್ಲೇ, ಅಂದರೆ ಸಡಿಲ. "ಟರ್ಬೋ ಕಂಪ್ಲೇಂಟಿಗೆ ಚೇಂಬರ್ ಯಾಕೆ ಬಿಚ್ತೀಯ ಮಾರಾಯ, ಗಿರಾಕಿ ದುಡ್ಡು ದಂಡ" ಎಂದವರು ನಮ್ಮ ಕಸುಬಿನಲ್ಲೇ ನಾಲ್ಕೈದು ಜನ. ಈ ಬರಹ ಮುಖ್ಯವಾಗಿ ಅವರಿಗೆ. (ಚೇಂಬರ್ ಎಂದರೆ ಇಂಜಿನ್ ಅಡಿಯ ಆಯಿಲ್ ತೊಟ್ಟಿ.)

ಕಂಪನಿ ಹೆಸರು ಬೇಡ. 1248 ಸಿಸಿ, ಚೈನ್ ಇಂಜಿನ್, ಕಾಮನ್ ರೈಲ್, 75 ಹಾರ್ಸ್ ಪವರಿನ ಸಾದಾ ಟರ್ಬೋ ಎಂದರೆ ಗ್ಯಾರೇಜಿನವರಿಗೆ ಸಾಕು. ಮೂರು ನಾಲ್ಕು ಕಂಪನಿಯ ಗಾಡಿಗಳಲ್ಲಿ ಇದೇ ಇಂಜಿನ್ ಬರುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ನಿಂತುಹೋಯಿತು. ಹಳೆಯವು ಇನ್ನೂ ಓಡುತ್ತಿವೆ, ನಮ್ಮ ಸಾಗರದ ಕಡೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತಿರುತ್ತವೆ. ನನ್ನ ಪ್ರಕಾರ ಇದಕ್ಕಿಂತ ಗಟ್ಟಿ ಸಣ್ಣ ಡೀಸೆಲ್ ಇಂಜಿನ್ ನಮ್ಮ ರಸ್ತೆಗೆ ಬಂದಿಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಸಿಕ್ಕಿದರೆ ನಾಲ್ಕು ಲಕ್ಷಕ್ಕೂ ಹೆಡ್ ಬಿಚ್ಚದೆ ಓಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಈ ಗಾಡಿ 2012ರ ಮಾಡೆಲ್, ಹಳದಿ ಬೋರ್ಡು. ಜೋಗ, ಹೊನ್ನಾವರ, ಸಿಗಂದೂರು ಎಂದು ದಿನವೂ ದುಡಿಮೆ. 1 ಲಕ್ಷ 90 ಸಾವಿರದ ಹೊತ್ತಿಗೆ ಮೊದಲ ಟರ್ಬೋ ಸೀಟಿ ಹೊಡೆಯಲು ಶುರುಮಾಡಿ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂತು. ಬೇರೆ ಕಡೆ ಹೊಸ ಟರ್ಬೋ ಹಾಕಿಸಿದರು, ಸುಮಾರು 28 ಸಾವಿರ ರೂಪಾಯಿ. ಅದು ಒಂಬತ್ತು ಸಾವಿರ ಕಿಲೋಮೀಟರಿಗೆ ಹೋಯಿತು. ಆಮೇಲೆ ನನ್ನ ಹತ್ತಿರ ಬಂದರು.

ನಾನೂ ಆಗ ಎಲ್ಲರೂ ಮಾಡುವುದನ್ನೇ ಮಾಡಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಕೋರ್, ಅಂದರೆ ಶಾಫ್ಟ್ ಬೇರಿಂಗ್ ಇರುವ ಟರ್ಬೋದ ನಡುಭಾಗ ತರಿಸಿದೆ, 11 ಸಾವಿರ. ಹೊಸ ಆಯಿಲ್, ಹೊಸ ಫಿಲ್ಟರ್. ಟರ್ಬೋಗೆ ಎಣ್ಣೆ ತರುವ ಆಯಿಲ್ ಫೀಡ್ ಪೈಪ್ ಬಿಚ್ಚಿ ಬಾಯಲ್ಲಿ ಊದಿ ನೋಡಿದೆ, ಗಾಳಿ ಸರಾಗ ಹೋಯಿತು. ಸರಿ ಇದೆ ಎಂದು ಅದನ್ನೇ ವಾಪಸ್ ಹಾಕಿದೆ. ಮೂರು ಸಾವಿರ ಕಿಲೋಮೀಟರ್ ಆಗಿತ್ತೋ ಇಲ್ಲವೋ, ಗೇರುಸೊಪ್ಪ ಘಾಟಿ ಹತ್ತುವಾಗ ಮತ್ತೆ ಸೀಟಿ. ಡ್ರೈವರ್ ಹುಡುಗ ಮಾವಿನಗುಂಡಿಯಿಂದ ಫೋನ್ ಮಾಡಿದ: "ಅಣ್ಣ, ಎಳೀತಾನೇ ಇಲ್ಲ, ಹಿಂದಿನ ಗಾಡಿಯವರು ಹೊಗೆ ಅಂತ ಹಾರ್ನ್ ಹೊಡೀತಿದಾರೆ."

ಆ 11 ಸಾವಿರ ನನ್ನ ಕೈಯಿಂದ ಹೋಯಿತು. ಮಾಲೀಕರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಮೂರು ಟರ್ಬೋ ಮೂರು ಕಡೆಯ ಮಾಲು, ಮೂರೂ ಕೆಟ್ಟ ಮಾಲೇ ಆಗಿರಲು ಹೇಗೆ ಸಾಧ್ಯ?

ಮಾರನೇ ದಿನ ಬೆಳಿಗ್ಗೆ ಆ ಫೀಡ್ ಪೈಪನ್ನು ವೈಸಿಗೆ ಕಚ್ಚಿಸಿ ಹ್ಯಾಕ್ಸಾದಲ್ಲಿ ಉದ್ದಕ್ಕೆ ಸೀಳಿದೆ. ಹೊರಗಿನಿಂದ ಹೊಳೆಯುವ ಪೈಪು. ಒಳಗೆ ತಳಹಿಡಿದ ಹಾಲಿನ ಪಾತ್ರೆಯ ಹಾಗೆ ಕರೀ ಹಕ್ಕಳೆ, ಉಗುರಿನಲ್ಲಿ ಕೆರೆದರೂ ಏಳುವುದಿಲ್ಲ. ಟರ್ಬೋ ಕಡೆಯ ತುದಿಯಲ್ಲಿ ಉಳಿದಿದ್ದ ತೂತು ಊದುಬತ್ತಿ ಕಡ್ಡಿಯಷ್ಟು. ಘಾಟಿ ಹತ್ತಿ ಬಂದು ತಕ್ಷಣ ಕೀ ತಿರುಗಿಸಿ ಇಳಿಯುವ ಅಭ್ಯಾಸ ಇದ್ದರೆ ಆ ತುದಿಯಲ್ಲಿ ನಿಂತ ಎಣ್ಣೆ ಅಲ್ಲೇ ಬೆಂದುಹೋಗುತ್ತದೆ. ಗಾಳಿಗೆ ಅಷ್ಟು ತೂತು ಸಾಕು, ಎಣ್ಣೆಗೆ ಸಾಲದು. ನಿಮಿಷಕ್ಕೆ ಲಕ್ಷಕ್ಕೂ ಮೇಲೆ ತಿರುಗುವ ಶಾಫ್ಟಿಗೆ ಹನಿ ಲೆಕ್ಕದಲ್ಲಿ ಎಣ್ಣೆ ಕೊಟ್ಟರೆ ಯಾವ ಮಾಲಾದರೂ ಎಷ್ಟು ದಿನ ತಾಳೀತು?

ಪೈಪ್ ಬದಲಾಯಿಸಿ ಮುಗಿಸಬಹುದಿತ್ತು. ಆದರೆ ಒಮ್ಮೆ ಪೆಟ್ಟು ತಿಂದವನಿಗೆ ನಂಬಿಕೆ ಬರಲಿಲ್ಲ. ಚೇಂಬರ್ ಇಳಿಸಿದೆ. ತಳದಲ್ಲಿ ಎರಡು ಬೆರಳಿನಲ್ಲಿ ಬಳಿದು ತೆಗೆಯುವಷ್ಟು ಕರೀ ಸಗಣಿಯಂಥ ಮಡ್ಡಿ. ಪಂಪು ಎಣ್ಣೆ ಹೀರುವ ಕಡೆಯ ಸ್ಟ್ರೈನರ್ ಜಾಲರಿ ಅರ್ಧಕ್ಕಿಂತ ಹೆಚ್ಚು ಮುಚ್ಚಿತ್ತು, ನಡುವೆ ಯಾರೋ ಹಿಂದೆ ಧಾರಾಳವಾಗಿ ಬಳಿದ ಗ್ಯಾಸ್ಕೆಟ್ ಪೇಸ್ಟಿನ ಎಳೆಗಳು. ಬೆಳಗಿನ ಸ್ಟಾರ್ಟಿಂಗಿನಲ್ಲಿ ಮೂರು ನಾಲ್ಕು ಸೆಕೆಂಡು ಚೈನ್ ಕಟಕಟ ಎನ್ನುತ್ತಿದ್ದದ್ದೂ ಇದಕ್ಕೇ. ಟೆನ್ಷನರ್ ಎಣ್ಣೆ ಒತ್ತಡದ ಮೇಲೆ ಕೆಲಸ ಮಾಡುವಂಥದ್ದು. ನಾವೆಲ್ಲ ಆ ಸದ್ದು ಕೇಳಿ ಚೈನ್ ಕಿಟ್ ರೇಟು ಹೇಳುತ್ತಿದ್ದೆವೇ ಹೊರತು ಸ್ಟ್ರೈನರ್ ನೋಡುತ್ತಿರಲಿಲ್ಲ.

ಇನ್ನೊಂದು ವಿಷಯ ಅದೇ ದಿನ ಚೇಂಬರ್ ಇಳಿಸುವ ಮೊದಲೇ ಗಮನಕ್ಕೆ ಬಂದಿತ್ತು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮೇಲಿನ ಗೆರೆ ದಾಟಿತ್ತು, ಮೂಸಿದರೆ ಡೀಸೆಲ್ ವಾಸನೆ. ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳನ್ನು ಬಿಚ್ಚಿ ಶಿವಮೊಗ್ಗಕ್ಕೆ ಬೆಂಚ್ ಟೆಸ್ಟಿಗೆ ಕಳಿಸಿದೆ. ಎರಡನೇ ನಂಬರಿನದು ತೊಟ್ಟಿಕ್ಕುತ್ತಿತ್ತು. ಉರಿಯದ ಡೀಸೆಲ್ ಸಿಲಿಂಡರ್ ಗೋಡೆ ತೊಳೆದು ಕೆಳಗಿಳಿದರೆ ಆಯಿಲ್ ನೀರಾಗುತ್ತದೆ, ಮಸಿ ಹೆಚ್ಚುತ್ತದೆ, ಮಡ್ಡಿ ಕಟ್ಟುತ್ತದೆ, ಪೈಪ್ ಕಟ್ಟುತ್ತದೆ, ಕೊನೆಗೆ ಟರ್ಬೋ ಸೀಟಿ ಹೊಡೆಯುತ್ತದೆ. ಬಿಲ್ಲು ಮಾತ್ರ ಟರ್ಬೋ ಹೆಸರಿನಲ್ಲಿ. ಮಾಲೀಕರನ್ನು ಕೇಳಿದರೆ ಆಯಿಲ್ ಬದಲಾಯಿಸುತ್ತಿದ್ದದ್ದು ಹದಿನೈದು, ಕೆಲವು ಸಲ ಇಪ್ಪತ್ತು ಸಾವಿರ ಕಿಲೋಮೀಟರಿಗೆ. ಸೀಸನ್ನಿನಲ್ಲಿ ಗಾಡಿ ನಿಲ್ಲಿಸಲು ಪುರುಸೊತ್ತಿಲ್ಲ.

ಆಮೇಲೆ ನಾನು ಮಾಡಿದ ಕ್ರಮ ಹೀಗೆ. ಚೇಂಬರ್, ಸ್ಟ್ರೈನರ್ ತೊಳೆದು, ಪೇಸ್ಟನ್ನು ಸಣ್ಣ ಎಳೆಯಾಗಿ ಮಾತ್ರ ಹಾಕಿ ಕೂರಿಸಿದೆ. ಫೀಡ್ ಪೈಪ್ ಹೊಸದು, ಸುಮಾರು 1,400 ರೂಪಾಯಿ. ಆ ಪೈಪ್ ಕೂರಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್‌ಗಳೂ ಹೊಸವು. ಟರ್ಬೋದಿಂದ ಎಣ್ಣೆ ಇಳಿಯುವ ರಿಟರ್ನ್ ಪೈಪ್, ಇಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಎರಡನ್ನೂ ಬಿಚ್ಚಿ ಒಳಗೆ ನೋಡಿದೆ, ಏಕೆಂದರೆ ಇಳಿಯುವ ದಾರಿ ಕಟ್ಟಿದ್ದರೆ ಒಳ್ಳೆ ಟರ್ಬೋ ಕೂಡ ಆಯಿಲ್ ಹೊರಹಾಕುತ್ತದೆ. ಟರ್ಬೋ ಗಾಳಿ ತಣಿಸುವ ಇಂಟರ್‌ಕೂಲರ್ ಬಿಚ್ಚಿ ಬೋರಲು ಹಾಕಿದಾಗ ಕಾಲು ಲೀಟರಿನಷ್ಟು ಎಣ್ಣೆ ಸುರಿಯಿತು. ಇದನ್ನು ಬಿಟ್ಟವರು ದಯವಿಟ್ಟು ಇನ್ನು ಬಿಡಬೇಡಿ. ಆ ಎಣ್ಣೆಯನ್ನೇ ಎಳೆದುಕೊಂಡು ಇಂಜಿನ್ ಕೀ ತೆಗೆದರೂ ನಿಲ್ಲದೆ ಕಿರುಚುತ್ತಾ ಏರುವುದನ್ನು ಒಮ್ಮೆ ನೋಡಿದ್ದೇನೆ. ನಾಲ್ಕನೇ ಗೇರಿಗೆ ಹಾಕಿ ಬ್ರೇಕ್ ತುಳಿದು ಕ್ಲಚ್ ಬಿಟ್ಟು ನಿಲ್ಲಿಸಿದೆವು, ಅದೃಷ್ಟ.

ಈಗ ನನ್ನದೇ ಒಂದು ಪರೀಕ್ಷೆ, ನಮ್ಮಲ್ಲಿ ಲೋಟದ ಲೆಕ್ಕ ಎನ್ನುತ್ತೇವೆ. ಫೀಡ್ ಪೈಪಿನ ಟರ್ಬೋ ಕಡೆಯ ತುದಿಯನ್ನು ಟೀ ಲೋಟಕ್ಕೆ ಬಿಟ್ಟು, ಇಂಜಿನ್ ಸ್ಟಾರ್ಟ್ ಆಗದ ಹಾಗೆ ಇಂಜೆಕ್ಟರ್ ಕಪ್ಲರ್ (ವೈರಿನ ಪ್ಲಗ್) ತೆಗೆದು ಹತ್ತು ಸೆಕೆಂಡು ಸೆಲ್ಫ್ ಹೊಡೆಯುವುದು. ಸೀಳುವ ಮೊದಲು ಹಳೆ ಪೈಪಿನಲ್ಲಿ ಈ ಪರೀಕ್ಷೆ ಮಾಡಿರಲಿಲ್ಲ, ಆಮೇಲೆ ಅದೇ ಥರ ಕಟ್ಟಿದ ಬೇರೆ ಗಾಡಿಯ ಪೈಪಿನಲ್ಲಿ ಮಾಡಿದಾಗ ಲೋಟದ ತಳ ಒದ್ದೆಯಾಯಿತು ಅಷ್ಟೇ. ಹೊಸ ಪೈಪಿನಲ್ಲಿ ಕಾಲು ಲೋಟ ಬಂತು. ಕಾಲು ಲೋಟ ಬರದೆ ಟರ್ಬೋ ಕೂರಿಸುವುದಿಲ್ಲ ಎಂದು ಅಂದಿನಿಂದ ನಿಯಮ. ಕೂರಿಸುವಾಗ ಟರ್ಬೋದ ಎಣ್ಣೆ ಒಳಹೋಗುವ ಮೂತಿಗೆ ಎಣ್ಣೆ ಹೊಯ್ದು, ಕೈಯಲ್ಲಿ ಶಾಫ್ಟ್ ತಿರುಗಿಸಿ, ಮತ್ತೆ ಸೆಲ್ಫ್ ಹೊಡೆದು ರಿಟರ್ನಿನಲ್ಲಿ ಎಣ್ಣೆ ಕಂಡ ಮೇಲೆಯೇ ಸ್ಟಾರ್ಟ್. ಆ ಎಣ್ಣೆ ಕಣ್ಣಿಗೆ ಬೀಳುವ ಹಾಗೆ ಮಾಡಲು ಒಂದು ಚಿಕ್ಕ ಉಪಾಯ ಮಾಡಿಕೊಂಡಿದ್ದೇನೆ, ಅದು ನನ್ನ ಗ್ಯಾರೇಜಿನಲ್ಲೇ ಇರಲಿ.

ಆಯಿಲನ್ನು ಮೊದಲು 500 ಕಿಲೋಮೀಟರ್ ಆದಾಗ ಒಂದು ಸಲ, ಆಮೇಲೆ 3,000 ಆದಾಗ ಒಂದು ಸಲ ಬದಲಾಯಿಸಿದೆ. ಅಲ್ಲಿಂದ ಮುಂದೆ 7,500ಕ್ಕೊಮ್ಮೆ. ಮೂರು ಲೀಟರ್ ಚಿಲ್ಲರೆ ಹಿಡಿಯುವ ಇಂಜಿನ್, ಫಿಲ್ಟರ್ ಸೇರಿ ಸಲಕ್ಕೆ ಸುಮಾರು 1,800 ಆಗುತ್ತಿತ್ತು. ಫ್ಲಶಿಂಗ್ ದ್ರಾವಣ ಯಾಕೆ ಹಾಕಲಿಲ್ಲ ಎಂದು ಕೇಳಬಹುದು. ಇದಕ್ಕೂ ಮುಂಚೆ ಒಬ್ಬರ ಗಾಡಿಗೆ ಹಾಕಿ ಅನುಭವಿಸಿದ್ದೆ. ವರ್ಷಗಟ್ಟಲೆ ಅಂಟಿದ್ದ ಮಡ್ಡಿ ಒಮ್ಮೆಲೇ ಕಿತ್ತು ಬಂದು ಜಾಲರಿಗೆ ಕೂತಿತು, ಹೊಸನಗರದ ದಾರಿಯಲ್ಲಿ ಆಯಿಲ್ ಲೈಟ್ ಹತ್ತಿತು. ಡ್ರೈವರ್ ತಕ್ಷಣ ನಿಲ್ಲಿಸಿದ, ಇಲ್ಲದಿದ್ದರೆ ಬೇರಿಂಗ್ ಹೋಗುತ್ತಿತ್ತು. ಕೊಳೆ ಜಾಸ್ತಿ ಇರುವ ಇಂಜಿನ್‌ಗೆ ಚೇಂಬರ್ ಇಳಿಸದೆ ಫ್ಲಶ್ ಹಾಕಲೇಬಾರದು.

ಒಟ್ಟು ಖರ್ಚು: ಮತ್ತೊಂದು ಕೋರ್ 12 ಸಾವಿರ, ಇಂಜೆಕ್ಟರ್ ರಿಪೇರಿ ಆರೂವರೆ ಸಾವಿರ, ಪೈಪ್, ವಾಷರ್, ಆಯಿಲ್ ಎಲ್ಲ ಸೇರಿ 26 ಸಾವಿರದ ಹತ್ತಿರ. ಲೇಬರ್ ತೆಗೆದುಕೊಳ್ಳಲಿಲ್ಲ. ನಾಲ್ಕನೆಯದು ನಿಲ್ಲುತ್ತದೆ ಎಂದು ಆಗ ನನ್ನ ಬಿಟ್ಟು ಯಾರೂ ನಂಬಿರಲಿಲ್ಲ. ಮಾಲೀಕರ ತಮ್ಮನೇ "ಗಾಡಿ ಮಾರಿಬಿಡೋಣ" ಎನ್ನುತ್ತಿದ್ದ.

ಆಮೇಲೆ ಇದೇ ಕ್ರಮದಲ್ಲಿ ಹದಿನೇಳೋ ಹದಿನೆಂಟೋ ಗಾಡಿ ಮಾಡಿದ್ದೇನೆ. ವಾಪಸ್ ಬಂದದ್ದು ಎರಡು. ಒಂದರಲ್ಲಿ ಏರ್ ಫಿಲ್ಟರ್ ಹರಿದು ಚೂರು ಒಳಗೆ ಹೋಗಿತ್ತು. ಇನ್ನೊಂದರ ಮಾಲೀಕರು 500ರ ಆಯಿಲಿಗೆ ಬರಲೇ ಇಲ್ಲ. ಇನ್ನೂ ಒಂದು ಲೆಕ್ಕ ನನಗೆ ಖುಷಿ ಕೊಡುವುದು: ಟರ್ಬೋ ಹೋಗಿದೆ ಎಂದು ಹೇಳಿಸಿಕೊಂಡು ಬಂದ ಗಾಡಿಗಳಲ್ಲಿ ಮೂರಕ್ಕೊಂದು ಟರ್ಬೋ ಸರಿಯಾಗಿಯೇ ಇತ್ತು. ಸ್ಕ್ಯಾನರ್ ಪಿ0299 (ಟರ್ಬೋ ಗಾಳಿ ಒತ್ತಡ ಕಡಿಮೆ ಎಂಬ ಕೋಡ್) ತೋರಿಸಿದ ತಕ್ಷಣ ಟರ್ಬೋ ಆರ್ಡರ್ ಮಾಡುತ್ತಾರೆ. ಆದರೆ ತಪ್ಪು ಟರ್ಬೋ ಗಾಳಿಯ ಹೋಸ್ ಪೈಪಿನಲ್ಲಿರುತ್ತದೆ: ಕ್ಲಾಂಪಿನ ಅಡಿಯಲ್ಲಿ ಸೀಳಿದ ಪೈಪ್ ಗಾಡಿ ನಿಂತಾಗ ಮುಚ್ಚಿಕೊಂಡಿದ್ದು, ಏರಿನಲ್ಲಿ ಮಾತ್ರ ಬಾಯಿ ಬಿಡುತ್ತದೆ. ಸೋಪಿನ ನೊರೆಯಲ್ಲಿ ಸಿಗುವ ರೋಗಕ್ಕೆ 28 ಸಾವಿರ ಕೊಟ್ಟವರಿದ್ದಾರೆ.

ಹೊಗೆಯ ಒಂದು ಪಾಲನ್ನು ಇಂಜಿನ್ನಿಗೇ ವಾಪಸ್ ಕಳಿಸುವ ಇಜಿಆರ್ ಮುಚ್ಚುವ ಪ್ರಯೋಗವನ್ನೂ ಒಮ್ಮೆ ಮಾಡಿದ್ದೆ, ಒಬ್ಬ ಅಡಿಕೆ ವ್ಯಾಪಾರಿಯ ಒತ್ತಾಯಕ್ಕೆ. ತಗಡು ಕತ್ತರಿಸಿ ಹಾಕಿದ ಎರಡನೇ ದಿನಕ್ಕೆ ಚೆಕ್ ಲೈಟ್ ಬಂತು. ಹೊಗೆಯ ಕಾನೂನಿಗೂ ಅದು ಸಲ್ಲ. ತೆಗೆದು, ವಾಲ್ವ್ ತೊಳೆದು ಹಾಕಿದೆ, ಪಿಕಪ್ ಅದಕ್ಕಿಂತ ಚೆನ್ನಾಗಿಯೇ ಬಂತು. ಬೆಳಗಿನ ಸ್ಟಾರ್ಟಿಂಗ್ ತೊಂದರೆಗೆ ನಾಲ್ಕು ಸಲೈನ್ ಬಾಟಲಿ, ನಾಲ್ಕು ಟ್ಯೂಬ್ ಮೆಡಿಕಲ್ ಸ್ಟೋರಿನಿಂದ ತಂದು ಇಂಜೆಕ್ಟರ್ ರಿಟರ್ನಿಗೆ (ಉಳಿದ ಡೀಸೆಲ್ ವಾಪಸ್ ಹೋಗುವ ಬಾಯಿಗೆ) ಸಿಕ್ಕಿಸಿ ನೋಡುವುದು ಈಗ ಎಲ್ಲರಿಗೂ ಗೊತ್ತಿರುವ ವಿದ್ಯೆ. ಯಾವ ಬಾಟಲಿ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಕಳ್ಳ. ಒಂದೇ ಮಾತು ಸೇರಿಸುತ್ತೇನೆ: ಇಂಜಿನ್ ಬಿಸಿಯಾದ ಮೇಲೂ ಇನ್ನೊಮ್ಮೆ ನೋಡಿ. ತಣ್ಣಗಿದ್ದಾಗ ಸಮವಾಗಿ ಕಂಡದ್ದು ಬಿಸಿಯಲ್ಲಿ ಬೇರೆಯೇ ಕಥೆ ಹೇಳಿದ್ದು ನನಗೆ ಮೂರು ಸಲ ಸಿಕ್ಕಿದೆ.

ಈಗ ಬಿಎಸ್-6 ಡೀಸೆಲ್‌ಗಳಲ್ಲೂ ಇದೇ ರೋಗ ಬೇರೆ ದಾರಿಯಲ್ಲಿ ಬರುತ್ತಿದೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರಿನ ಮಸಿ ಸುಟ್ಟುಕೊಳ್ಳಲು ಇಂಜಿನ್ ಹೆಚ್ಚಿಗೆ ಡೀಸೆಲ್ ಹೊಡೆಯುತ್ತದೆ, ಊರೊಳಗೆ ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸುವವರ ಗಾಡಿಯಲ್ಲಿ ಅದು ಅರ್ಧಕ್ಕೇ ನಿಂತು, ಉಳಿದ ಡೀಸೆಲ್ ಚೇಂಬರಿಗಿಳಿಯುತ್ತದೆ. ಸಾಗರದಲ್ಲೇ ಒಬ್ಬ ಮೇಷ್ಟ್ರ ಗಾಡಿಯ ಡಿಪ್‌ಸ್ಟಿಕ್ಕಿಗೆ ಪ್ರತಿ ಭಾನುವಾರ ಗುರುತು ಹಾಕುತ್ತಿದ್ದೇನೆ. ಐದು ವಾರದಲ್ಲಿ ಎಣ್ಣೆ ಅರ್ಧ ಬೆರಳು ಏರಿದೆ. ಈ ತಿಂಗಳಿನಿಂದ ವಾರಕ್ಕೊಮ್ಮೆ ಜೋಗದ ತನಕ ನಿಲ್ಲಿಸದೆ ಓಡಿಸಿಕೊಂಡು ಬರಲು ಹೇಳಿದ್ದೇನೆ, ಮಳೆಗಾಲ ಮುಗಿಯುವ ತನಕ ಗುರುತು ಹಾಕುತ್ತಲೇ ಇರುತ್ತೇನೆ.