ನಾನು ಡ್ರೈವರ್ ಪ್ಯಾಚನ್ನು ರಿಮೂವ್‌ನಿಂದ ಓದಲು ಶುರು ಮಾಡುತ್ತೇನೆ

ಹೋದ ಮಳೆಗಾಲದಲ್ಲಿ ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ) ಒಂದು ತೇವಾಂಶ ಸೆನ್ಸರ್ ಡ್ರೈವರ್‌ಗೆ, ಅಂದರೆ ಆ ಸೆನ್ಸರನ್ನು ನಡೆಸುವ ಕೋಡಿಗೆ, ಬಂದ ಪ್ಯಾಚನ್ನು (ಕೋಡಿನ ಬದಲಾವಣೆಯನ್ನು) ರಿವ್ಯೂ ಮಾಡಿದೆ. ಅದೇ ಸೆನ್ಸರ್ ನನ್ನ ಹತ್ತಿರವೂ ಇತ್ತು. ಮಂಗಳೂರಿನ ಬಿಜೈಯ ನಮ್ಮ ಮನೆಯಲ್ಲಿ, ಕಿಟಕಿ ಪಕ್ಕ ಬೋರ್ಡಿಗೆ ಸಿಕ್ಕಿಸಿಟ್ಟಿದ್ದೆ.

ಪ್ಯಾಚ್ ಸಣ್ಣದು, 80 ಸಾಲು. ಮೊದಲು ರೀಡಿಂಗ್ ರೆಡಿಯಾಯ್ತಾ ಅಂತ ಡ್ರೈವರ್ ಪದೇ ಪದೇ ಕೇಳುತ್ತಿತ್ತು, ಈಗ ಸೆನ್ಸರೇ ಇಂಟರಪ್ಟ್ (ಒಂದು ಸಿಗ್ನಲ್) ಕೊಟ್ಟು ಹೇಳುತ್ತದೆ. ಕೋಡ್ ಬರೆದ ಶೈಲಿ ನೋಡುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸಿದರೆ ಒಂದು ವಾರ್ನಿಂಗೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಸುರತ್ಕಲ್‌ನ ಹುಡುಗ "ಅಣ್ಣಾ, ಎಲ್ಲ ಸರಿ ಉಂಟಲ್ವಾ?" ಅಂದ.

ಹೊಸ ಫೀಚರ್ ಕೆಲಸ ಮಾಡುತ್ತದೋ ಅಂತ ನಾನು ಕೊನೆಗೆ ನೋಡುವುದು. ಅದನ್ನು ಬರೆದವರೇ ಹತ್ತಾರು ಸಲ ನೋಡಿರುತ್ತಾರೆ. ಪ್ರೋಬ್ (ಡ್ರೈವರ್ ಶುರುವಾಗುವಾಗ ಓಡುವ ಫಂಕ್ಷನ್) ಅರ್ಧದಲ್ಲಿ ಸೋತರೆ, ಡ್ರೈವರ್ ತೆಗೆದರೆ ಏನಾಗುತ್ತದೆ ಅನ್ನುವುದನ್ನು ನೋಡುವವರು ಕಡಿಮೆ. ತಪ್ಪು ಅಲ್ಲೇ ಇತ್ತು. ಡ್ರೈವರ್ ತೆಗೆಯುವಾಗ ಓಡುವ ರಿಮೂವ್ ಫಂಕ್ಷನ್‌ನಲ್ಲಿ, ಸೆನ್ಸರ್‌ಗೆ ಪವರ್ ಕೊಡುವ ರೆಗ್ಯುಲೇಟರ್ ಆಫ್ ಮಾಡುತ್ತಿದ್ದರು, ಆದರೆ ಇಂಟರಪ್ಟ್ ತೆಗೆದುಕೊಂಡದ್ದು, ಕೊನೆಗೆ ಕರ್ನಲೇ ತಾನಾಗಿ ಬಿಡಿಸುವ ಡೆವ್‌ಎಂ ಫಂಕ್ಷನ್‌ನಿಂದ, ಅಂದರೆ ರಿಮೂವ್ ಪೂರ್ತಿ ಮುಗಿದ ಮೇಲಷ್ಟೇ ಕರ್ನಲ್ ಅದನ್ನು ಬಿಡಿಸುತ್ತದೆ. ನಡುವಿನ ಆ ಚೂರು ಹೊತ್ತಿನಲ್ಲಿ ಸೆನ್ಸರ್‌ಗೆ ಪವರ್ ಇಲ್ಲ, ಇಂಟರಪ್ಟ್ ಬಂದಾಗ ಓಡುವ ಹ್ಯಾಂಡ್ಲರ್ ಮಾತ್ರ ಇನ್ನೂ ಜೀವಂತ.

ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು ಅಂತ ಬೋರ್ಡಿನಲ್ಲಿ 100 ಸಲ ಅನ್‌ಬೈಂಡ್, ಬೈಂಡ್ (ಡ್ರೈವರ್ ಬಿಡಿಸಿ ಮತ್ತೆ ಜೋಡಿಸುವುದು) ಮಾಡಿಸಿದೆ. ಹುಡುಗ ಲಾಗ್ ನೋಡುತ್ತಾ ಕೂತ. 31ನೇ ಸಲಕ್ಕೆ ಐ2ಸಿ (ಬೋರ್ಡ್ ಸೆನ್ಸರ್ ಜೊತೆ ಮಾತಾಡುವ ದಾರಿ) ರೀಡ್ ಫೇಲ್ ಆದ ಸಾಲು ಕಾಣಿಸಿತು, ಆಮೇಲೆ ಇನ್ನೂ ಆರು ಸಲ. ಆ ಸಾಲುಗಳನ್ನೇ ಪ್ಯಾಚ್ ಬರೆದವರಿಗೆ ಕಳಿಸಿ, ಪವರ್ ಆಫ್ ಮಾಡುವುದನ್ನೂ ಡೆವ್‌ಎಂ ಆಕ್ಷನ್ ಆಗಿ ಸೇರಿಸಿ ಅಂದೆ.

ಎರಡನೇ ವರ್ಷನ್‌ನಲ್ಲಿ ಸೇರಿಸಿದರು, ಆದರೆ ಇಂಟರಪ್ಟ್ ತೆಗೆದುಕೊಂಡ ನಂತರ. ಡೆವ್‌ಎಂ ಬಿಡಿಸುವುದು ಉಲ್ಟಾ ಕ್ರಮದಲ್ಲಿ, ಕೊನೆಗೆ ಸೇರಿದ್ದು ಮೊದಲು ಹೋಗುತ್ತದೆ. ಹಾಗಾಗಿ ಮತ್ತೆ ಪವರೇ ಮೊದಲು ಹೋಗುತ್ತಿತ್ತು! ಯಾವ ಸಾಲು ಮೇಲೆ ಬರಬೇಕು, ಯಾಕೆ ಅಂತ ಇನ್ನೊಮ್ಮೆ ಬಿಡಿಸಿ ಬರೆದೆ. ಬೇಜಾರೇನೂ ಆಗಲಿಲ್ಲ, ಈ ಕ್ರಮ ನನಗೂ ತಲೆಗೆ ಹತ್ತಲು ಜಾಸ್ತಿ ದಿನ ಹಿಡಿದಿತ್ತು.

ಮೂರನೇ ವರ್ಷನ್ ಬಂದ ರಾತ್ರಿ ಮಳೆಗೆ ಎರಡು ಸಲ ಕರೆಂಟ್ ಹೋಯಿತು, ಬೋರ್ಡ್ ಇನ್ವರ್ಟರ್ ಮೇಲಿತ್ತು. 500 ಸಲ ಓಡಿಸಿದೆ. ಬೆಳಿಗ್ಗೆ ನೋಡಿದರೆ ಲಾಗ್‌ನಲ್ಲಿ ಒಂದೂ ಎರರ್ ಇಲ್ಲ. ಆಮೇಲೆಯೇ 'ರಿವ್ಯೂಡ್-ಬೈ', 'ಟೆಸ್ಟೆಡ್-ಬೈ' ಎರಡೂ ಸಾಲಿಗೆ ನನ್ನ ಹೆಸರು ಕೊಟ್ಟೆ.